ಕುರಿಗಳು ಮೆಟ್ಟಿಲು ಹತ್ತಿದ ಮಧ್ಯಾಹ್ನ

ನಾನು ಇಂಥದ್ದನ್ನೆಲ್ಲ ನಂಬುವ ಮನುಷ್ಯನಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಗಡಿಯಾಚೆ ಮರಾಠಿ ಸೀಮೆಯಲ್ಲಿರುವ ಅಕ್ಕಲಕೋಟೆ ತಾಲೂಕಿನ ಹನ್ನೂರು ನಮ್ಮೂರು. ಕುರಿ ಸಾಕುವುದು ನಮ್ಮ ಕಸುಬು, ಬೀರಪ್ಪ ನಮ್ಮ ಮನೆದೇವರು. ದೊಡ್ಡಪ್ಪನ ಮೈಮೇಲೆ ದೇವರು ಬರುತ್ತಿತ್ತು. ಊರಿನವರೆಲ್ಲ ಕೈಮುಗಿದು ನಿಂತಿರುವಾಗ ನಾನು ಹಿಂದೆ ನಿಂತು, ದೇವರು ಇಳಿದ ಮರುಗಳಿಗೆಯೇ ದೊಡ್ಡಪ್ಪ ಬೀಡಿಗಾಗಿ ಅಂಗಿಯ ಜೇಬು ತಡಕಾಡುವುದನ್ನು ನೋಡಿ ಒಳಗೊಳಗೇ ನಗುತ್ತಿದ್ದೆ. ದೇವರ ಮುಂದಿಡುವ ಭಂಡಾರ ನಮ್ಮವರಿಗೆಲ್ಲ ಜೀವಕ್ಕಿಂತ ದೊಡ್ಡದು. ನನ್ನ ಕಣ್ಣಿಗೆ ಅದು ಅಂಗಡಿಯಲ್ಲಿ ಸಿಗುವ ಅರಿಶಿನದ ಪುಡಿ, ಅಷ್ಟೇ. ಹಾಗೆ ತಿಳಿದಿದ್ದರಿಂದಲೇ ನಾನು ಮುಂದೆ ಹೇಳುವ ತಪ್ಪನ್ನು ಮಾಡಿದೆ.

ನಾನು ಓದಿದ್ದು ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆ, ಅಂದರೆ ನಾಲ್ಕನೇ ತರಗತಿಯವರೆಗೆ. ಆಮೇಲೆ ಕುರಿಯ ಹಿಂದೆ ಹೋದೆ. ಬರೆಯುವ ರೂಢಿ ಇಲ್ಲ. ಆದದ್ದನ್ನು ಆದಂತೆಯೇ ಹೇಳಲು ನೋಡುತ್ತೇನೆ.

ನನಗೆ ಒಬ್ಬನೇ ತಮ್ಮ, ಸಿದ್ದು. ಇದ್ದಾನೆ ಎನ್ನಬೇಕೋ ಇದ್ದ ಎನ್ನಬೇಕೋ ನನಗೆ ಇಂದಿಗೂ ಗೊತ್ತಿಲ್ಲ. ಕುರಿ ಕಾಯುವವರು ಒಬ್ಬೊಬ್ಬರೂ ತಮ್ಮ ಹಿಂಡನ್ನು ಒಂದೊಂದು ರೀತಿ ಕೂಗಿ ಕರೆಯುತ್ತಾರೆ. ನಾಲ್ಕು ಹಿಂಡು ಒಂದೇ ಹಳ್ಳದಲ್ಲಿ ಕಲೆತು ನೀರು ಕುಡಿದರೂ, ಕೂಗು ಕೇಳಿದೊಡನೆ ಬೇರೆಬೇರೆಯಾಗಿ ತಮ್ಮವನ ಹಿಂದೆ ಹೋಗುತ್ತವೆ. ನನ್ನದು ಎಲ್ಲರಂಥ ಕೂಗು. ಕುರಿ ಬಂದರೆ ಬಂದವು, ಇಲ್ಲವಾದರೆ ಕೋಲು. ಸಿದ್ದುವಿನ ಕೂಗು ಹಾಗಿರಲಿಲ್ಲ. ಗಂಟಲಿನ ತಳದಲ್ಲಿ ಹುಟ್ಟಿ, ನಡುವೆ ನಾಲಿಗೆಯ ಸಣ್ಣ ಲೊಟಕೆಯೊಂದು ಬಂದು, ಕೊನೆಗೆ ಏನನ್ನೋ ಕೇಳುತ್ತಿರುವಂತೆ ಮೇಲೇರಿ ಫಕ್ಕನೆ ನಿಂತುಬಿಡುತ್ತಿತ್ತು. ಅದು ನಿಂತೊಡನೆ ಕುರಿಗಳೆಲ್ಲ ತಲೆಯೆತ್ತುತ್ತಿದ್ದವು. ಅದನ್ನು ಕಲಿಯಲು ನಾನು ಗುಟ್ಟಾಗಿ ಎಷ್ಟೋ ಸಲ ಪ್ರಯತ್ನಿಸಿದ್ದೆ. ಒಮ್ಮೆ ಅವನು ಬೇವಿನ ಮರದ ಮರೆಯಲ್ಲಿ ನಿಂತು ಕೇಳಿಸಿಕೊಂಡು, "ಅಣ್ಣಾ, ಕುರಿ ಕರಿಯಾಕತ್ತೀಯೋ ಕೆಮ್ಮಾಕತ್ತೀಯೋ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಆದರೆ ಅದು ನನ್ನೊಳಗೆ ಚುಚ್ಚಿ ಉಳಿಯಿತು.

ಎಪ್ಪತ್ತರ ದಶಕದ ನಡುವಿನ ಮಾತು. ಅಕ್ಕಲಕೋಟೆಯ ಹತ್ತಿರ ಒಬ್ಬ ರೈತನ ಹೊಲದಲ್ಲಿ ಕುರಿ ಕೂಡಿಸಿದ್ದೆವು. ರಾತ್ರಿ ಕುರಿ ಕೂತ ಹೊಲಕ್ಕೆ ಬೇರೆ ಗೊಬ್ಬರ ಬೇಡವಾದ್ದರಿಂದ ರೈತರೇ ಕರೆದು ಕೂಡಿಸಿಕೊಳ್ಳುತ್ತಿದ್ದರು. ಹಿಂಡಿನಲ್ಲಿ ಒಂದು ಟಗರನ್ನು ಬೀರಪ್ಪನಿಗೆಂದು ಬಿಟ್ಟಿದ್ದೆವು. ಸಿದ್ದು ಎಳೆಗೂಸಾಗಿದ್ದಾಗ ಬದುಕುವುದೇ ಕಷ್ಟವಾಗಿತ್ತಂತೆ. ಅವ್ವ ಅವನ ಹೆಸರಿನಲ್ಲಿ ಹರಕೆ ಹೊತ್ತಿದ್ದಳು, ಇವನು ಉಳಿದರೆ ಹಿಂಡಿನಲ್ಲಿ ಯಾವಾಗಲೂ ಒಂದು ದೇವರ ಟಗರು ಇರುತ್ತದೆ ಎಂದು. ಅವ್ವ ಹೋದ ಮೇಲೂ ಅಪ್ಪ ಅದನ್ನು ತಪ್ಪಿಸಿರಲಿಲ್ಲ.

ಆ ಸಂಜೆ ಕಾಯುವ ಪಾಳಿ ನನ್ನದು. ಸಿದ್ದು ದಿನವಿಡೀ ಕುಂಟುವ ಕುರಿಯೊಂದನ್ನು ಹೆಗಲ ಮೇಲೆ ಹೊತ್ತು ದಣಿದು ಮಲಗಿದ್ದ. ಅಕ್ಕಲಕೋಟೆಯಲ್ಲಿ ಟೆಂಟ್ ಸಿನಿಮಾ ಬಂದಿತ್ತು. ಹಾಡು ಗಾಳಿಯಲ್ಲಿ ಹೊಲದವರೆಗೂ ತೇಲಿ ಬರುತ್ತಿತ್ತು. ಹೋಗಿ ಬಂದರಾಯಿತು ಎಂದುಕೊಂಡು ಅವನನ್ನು ಎಬ್ಬಿಸದೆ ಹೋದೆ. ನಾನು ತಿರುಗಿ ಬರುವಷ್ಟರಲ್ಲಿ ತೋಳ ಹೊಕ್ಕು ಹೋಗಿತ್ತು. ಬೇರೆ ಕುರಿಗೆ ಏನೂ ಆಗಿರಲಿಲ್ಲ. ಹೋದದ್ದು ದೇವರ ಟಗರು. ಸಿದ್ದು ನಮ್ಮ ನಾಯಿ ಬೊಗಳಿದ್ದಕ್ಕೆ ಎದ್ದು, ನನ್ನ ಕಂಬಳಿ ಬರಿದಾಗಿದ್ದನ್ನು ಕಂಡು, ಒಬ್ಬನೇ ಕೋಲು ಹಿಡಿದು ತೋಳದ ಹಿಂದೆ ಓಡಿದ್ದ. ಮುಳ್ಳಿನಿಂದ ಅವನ ಕಾಲೆಲ್ಲ ರಕ್ತವಾಗಿತ್ತು. ನಾನು ಎಲ್ಲಿಗೆ ಹೋಗಿದ್ದೆ ಎಂದು ಅವನು ಕೇಳಲೂ ಇಲ್ಲ.

ಮರುದಿನ ಊರಿನಿಂದ ಅಪ್ಪ ಬಂದು, "ಪಾಳಿ ಯಾರದಿತ್ತು?" ಎಂದು ಕೇಳಿದಾಗ ನನ್ನ ಬಾಯಿಂದ "ಸಿದ್ದುಂದು" ಎಂದು ಬಂತು. ಯೋಚಿಸಿ ಹೇಳಿದ್ದಲ್ಲ. ಆದರೆ ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

ಇಂಥ ಜಗಳವನ್ನು ನಮ್ಮಲ್ಲಿ ದೇವರ ಮುಂದೆ ತೀರಿಸುತ್ತಾರೆ. ಹಿರಿಯರು ಬೀರಪ್ಪನ ಗುಡಿಯಲ್ಲಿ ಕೂತರು. ತನ್ನ ತಪ್ಪಿಲ್ಲ ಎನ್ನುವವನು ಭಂಡಾರ ಎತ್ತಿ ಹಣೆಗಿಟ್ಟುಕೊಂಡು, ಸುಳ್ಳಾದರೆ ತನ್ನ ಹಟ್ಟಿ ಹಾಳಾಗಲಿ ಎಂದು ಹೇಳಬೇಕು. ಒಂದೇ ಮಾತಿಗೆ ಇಬ್ಬರೂ ಎತ್ತುವಂತಿಲ್ಲ. ಎತ್ತಿದರೆ ಒಬ್ಬನದು ಸುಳ್ಳೇ ಆಗಿರುವುದರಿಂದ ಇಡೀ ಮನೆತನಕ್ಕೆ ಕೇಡು ಎಂದು ನಂಬಿಕೆ. ನಾನು ಮುಂದೆ ಹೋಗಿ ಎತ್ತಿದೆ. ಅರಿಶಿನದ ಪುಡಿ, ಅದೇನು ಮಾಡೀತು! ಸಿದ್ದು ಒಂದು ಹೆಜ್ಜೆ ಮುಂದಿಟ್ಟಿದ್ದ. ನನ್ನ ಹಣೆಯ ಮೇಲಿನ ಹಳದಿಯನ್ನು ನೋಡಿ ನಿಂತ.

"ಅಣ್ಣ ಎತ್ತ್ಯಾನಂದ್ರ ಆತಲ್ಲ ಅಪ್ಪಾ. ನಾ ಎತ್ತೂದಿಲ್ಲ" ಎಂದ.

ಅದನ್ನು ಎಲ್ಲರೂ ತಪ್ಪೊಪ್ಪಿಗೆ ಎಂದೇ ತಿಳಿದರು. ಮನೆ ಉಳಿಯಲಿ ಎಂದು ಅವನು ಕೈ ಹಿಂದೆಗೆದ ಎಂಬುದು ನನಗೊಬ್ಬನಿಗೇ ಗೊತ್ತು. ಹೆತ್ತವ್ವ ನಿನ್ನ ಜೀವಕ್ಕಾಗಿ ಬಿಟ್ಟ ಟಗರನ್ನೇ ಕಾಯಲಿಲ್ಲ, ನನ್ನ ಹಿಂಡಿಗೆ ನೀನು ಬೇಡ ಎಂದು ಅಪ್ಪ ಅಂದುಬಿಟ್ಟ. ಸಿದ್ದು ಕಂಬಳಿ ಹೆಗಲಿಗೆ ಹಾಕಿಕೊಂಡು ಸೊಲ್ಲಾಪುರದ ದಾರಿ ಹಿಡಿದ. ನಾಯಿ ಸ್ವಲ್ಪ ದೂರ ಅವನ ಹಿಂದೆ ಹೋಯಿತು. ಅವನೇ ಗದರಿಸಿ ಅದನ್ನು ತಿರುಗಿ ಕಳಿಸಿದ.

ಸೊಲ್ಲಾಪುರದ ಹೊರಗಿನ ಮಾಳದಲ್ಲಿ ಆಗ ವಿಶ್ವವಿದ್ಯಾಲಯದ ಒಂದು ಕಟ್ಟಡ ಏಳುತ್ತಿತ್ತು. ಸಿದ್ದು ಅಲ್ಲಿ ಕೆಲಸಕ್ಕೆ ನಿಂತಿದ್ದಾನೆ, ಕಟ್ಟಿದ ಗೋಡೆಗಳಿಗೆ ನೀರು ಹೊಡೆಯುತ್ತಾನೆ ಎಂದು ಮಂದ್ರೂಪದ ಕಡೆಯ ಕುರಿಗಾರನೊಬ್ಬ ಹೇಳಿದ. ನಾನು ನೋಡಲು ಹೋಗಲಿಲ್ಲ. ಹೋಗಿ ಏನು ಹೇಳಲಿ ಎಂದು ಹೋಗಲಿಲ್ಲ.

ಆದರೆ ಹಿಂಡಿನ ದಾರಿ ನನ್ನ ಕೈಯಲ್ಲಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಮೇವು ಹುಡುಕುತ್ತ ಆ ಮಾಳಕ್ಕೇ ಬರಬೇಕಾಯಿತು. ಅಪ್ಪ ಹುಡುಗನಾಗಿದ್ದಾಗಿನಿಂದಲೂ ನಮ್ಮ ಕುರಿ ಮೇಯುತ್ತಿದ್ದ ಜಾಗ ಅದು. ಬಾಗಿಲು ಕಿಟಕಿ ಇನ್ನೂ ಕೂಡಿಸಿರದ ಎರಡಂತಸ್ತಿನ ಕಟ್ಟಡ ಬಿಸಿಲಿನಲ್ಲಿ ಒಂಟಿಯಾಗಿ ನಿಂತಿತ್ತು. ಅಂದು ಕೆಲಸಕ್ಕೆ ರಜೆ, ಆಳುಗಳೆಲ್ಲ ಸಂತೆಗೆ ಹೋಗಿದ್ದರು. ಮುಂದೆ ಹಾಕಿದ ತಗಡಿನ ಚಪ್ಪರದಲ್ಲಿ ಗುರುಪಾದ ಕಾಕಾ ಎಂಬ ಮುದಿ ಕಾವಲುಗಾರ ಮಾತ್ರ ಇದ್ದ.

ಕುರಿಗಳನ್ನು ಕಂಡು ಅವನು, "ಏನೋ ತಮ್ಮಾ, ಕುರಿಗೆ ಎಡ್ಮಿಶನ್ ಮಾಡ್ಸಾಕ ಬಂದೀಯೇನ? ಇದು ಹದಿನಾರನೇ ಇಯತ್ತಾ ಕಲ್ಸೂ ಸಾಲಿ. ನಿನ್ನ ಕುರಿ ಎಷ್ಟನೇತ್ತಾ ಪಾಸ್?" ಎಂದ.

"ನಾನ ನಾಕನೇತ್ತಾ ರೀ ಕಾಕಾ, ಕುರಿ ನನಗಿಂತ ಶ್ಯಾಣ್ಯಾ ಅದಾವ. ಸ್ವಲ್ಪ ನೀರ ಕುಡಸ್ಲೇನ್ರಿ?" ಎಂದೆ.

ಗೋಡೆಗೆ ಹೊಡೆಯಲೆಂದು ತುಂಬಿಟ್ಟ ತೊಟ್ಟಿಯಲ್ಲಿ ಕುರಿಗಳು ನೀರು ಕುಡಿದವು. ನಾನು ಅಂಜುತ್ತಲೇ ಸಿದ್ದುವಿನ ಹೆಸರು ತೆಗೆದೆ. ಕಾಕಾನ ಮುಖ ಅರಳಿತು.

"ಹನ್ನೂರ ಸಿದ್ದು? ಅವ ಹೋಗಿ ಬಾಳ ದಿನ ಆತಲ್ಲೋ! ಧರಣದ ಕಾಮಕ್ಕ ಒಂದ ಆಳಿನ ಟೋಳಿ ಹೋತು, ಅದರ ಸಂಗಟ ಹೋಗ್ಯಾನ. ಯಾವ ಧರಣ ಅಂತ ಕೇಳಬ್ಯಾಡ, ನನಗ ಗೊತ್ತಿಲ್ಲ. ಬಾಳ ಚಲೋ ಹುಡುಗ. ಆದ್ರ ಜರಾ ತಲಿ ಕೆಟ್ಟಿತ್ತ ನೋಡ. ದಿನಾ ಸಂಜೀಕ ಮ್ಯಾಲ ಹತ್ತಿ ಕುರಿ ಕರ್ಯಾಂವ. ಯಾರ ಕುರಿಲೇ, ಎಲ್ಲಿ ಕುರಿ ಅಂತ ಎಲ್ಲಾರೂ ನಗ್ತಿದ್ರು. ಬರ್ತಾವ ತಗೋ ಕಾಕಾ ಒಂದಿನ, ಅಂತಿದ್ದ."

ಧರಣವೆಂದರೆ ಅಣೆಕಟ್ಟು. ನಾನು ಅವನ ಅಣ್ಣ ಎಂದು ಹೇಳಲಿಲ್ಲ. ಊರಿನವನು ಎಂದಷ್ಟೇ ಹೇಳಿ ಎದ್ದೆ. ಕಾಕಾ ಚಪ್ಪರದೊಳಗೆ ಊಟಕ್ಕೆ ಕೂತ. ಮಟಮಟ ಮಧ್ಯಾಹ್ನ. ಬಿಸಿಲಿಗೆ ನಮ್ಮ ಕುರಿಗಳು ಒತ್ತೊತ್ತಾಗಿ ನಿಂತು, ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ಹುದುಗಿಸಿಕೊಳ್ಳುತ್ತವೆ. ಅಂದೂ ಹಾಗೇ ನಿಂತಿದ್ದವು. ನಾನು ಗೋಡೆಯ ನೆರಳಿನಲ್ಲಿ ಕೂತೆ. ನಿದ್ದೆ ಮಾಡಿರಲಿಲ್ಲ. ಓದುವವರು ಹಾಗೆ ತಿಳಿಯಬಹುದೆಂದು ಹೇಳುತ್ತಿದ್ದೇನೆ. ಎಲೆಯಡಿಕೆ ಚೀಲ ಬಿಚ್ಚಿ ಸುಣ್ಣ ಹಚ್ಚುತ್ತಿದ್ದೆ.

ಆಗ ಮೇಲಿನ ಅಂತಸ್ತಿನಿಂದ ಆ ಕೂಗು ಬಂತು.

ಗಂಟಲಿನ ತಳದಿಂದ ಎದ್ದು, ನಾಲಿಗೆಯ ಲೊಟಕೆ ಬಂದು, ಮೇಲೇರಿ ಫಕ್ಕನೆ ನಿಂತಿತು. ನನ್ನ ಕೈಯ ಎಲೆ ಕೆಳಗೆ ಬಿತ್ತು. ಕುರಿಗಳೆಲ್ಲ ಒಮ್ಮೆಗೇ ತಲೆ ಹೊರಗೆಳೆದವು. ನಮ್ಮ ಮುಂದಾಳು ಕುರಿ ಕೆಂಚಿ, ಯಾವಾಗಲೂ ಮೊದಲು ಹೆಜ್ಜೆ ಇಡುವವಳು, ಕಿವಿ ನಿಗುರಿಸಿ ಕಟ್ಟಡದೊಳಗೆ ನಡೆದಳು. ಹಿಂದೆ ಇಡೀ ಹಿಂಡು.

ಕುರಿಯ ಸ್ವಭಾವ ಬಲ್ಲವರಿಗೆ ಹೇಳಬೇಕಿಲ್ಲ. ಮಾಡು ಇರುವ, ಕತ್ತಲೆಯಿರುವ ಹೊಸ ಜಾಗಕ್ಕೆ ಕುರಿ ತಾನಾಗಿ ಹೋಗುವುದಿಲ್ಲ. ಮೆಟ್ಟಿಲನ್ನಂತೂ ಅವು ಅದುವರೆಗೆ ಕಂಡೇ ಇರಲಿಲ್ಲ. ನಾನು ಕೂಗಿದೆ, ಅಡ್ಡ ಹಾಯ್ದೆ, ಕೋಲು ಬೀಸಿದೆ. ನನ್ನ ಪಕ್ಕದಿಂದ ನೀರಿನಂತೆ ಹರಿದು ಮೆಟ್ಟಿಲು ಹತ್ತಿದವು. ಮೆಟ್ಟಿಲಿಗೆ ಇನ್ನೂ ಕಟಾಂಜನವಿರಲಿಲ್ಲ. ನಾಯಿ ಕೆಳಗಿನ ಮೆಟ್ಟಿಲವರೆಗೆ ಬಂದು ಕೂತುಬಿಟ್ಟಿತು. ಅದು ಮೇಲೆ ನೋಡಲಿಲ್ಲ, ಬೊಗಳಲಿಲ್ಲ. ನನ್ನನ್ನೇ ನೋಡುತ್ತಿತ್ತು. ಅದನ್ನು ಮರಿಯಿಂದ ಸಾಕಿದವನು ಸಿದ್ದು. ಅವನು ನಿಜವಾಗಿ ಮೇಲಿದ್ದಿದ್ದರೆ ಅದು ಹಾಗೆ ಕೂರುತ್ತಿತ್ತೇ?

ನಾನು ಓಡಿ ಹತ್ತಿದೆ. ಬಡಗಣ ತುದಿಯಲ್ಲಿ ಒಂದು ದೊಡ್ಡ ಕೋಣೆ, ಸಿಮೆಂಟಿನ ವಾಸನೆ. ಅದರ ಒಂದು ಬದಿಯ ಗೋಡೆ ಇನ್ನೂ ಕಟ್ಟಿರಲಿಲ್ಲ. ಅಲ್ಲಿಂದ ಆಚೆ ಬರೀ ಬಯಲು, ಕೆಳಗೆ ಕಲ್ಲಿನ ರಾಶಿ. ಕುರಿಗಳೆಲ್ಲ ಆ ಕೋಣೆಯಲ್ಲಿ ತುಂಬಿ ನಿಂತಿದ್ದವು. ಒಂದೂ ಅರಚಲಿಲ್ಲ. ಬಿಸಿಲಿನ ಹೊತ್ತಿನಂತೆ ತಲೆ ಬಗ್ಗಿಸಿರಲೂ ಇಲ್ಲ. ಎಲ್ಲವೂ ತಲೆಯೆತ್ತಿ ಒಂದೇ ಮೂಲೆಯನ್ನು ನೋಡುತ್ತಿದ್ದವು.

"ಸಿದ್ದೂ" ಎಂದೆ. ಯಾರೂ ಇರಲಿಲ್ಲ.

ಕುರಿಗಳನ್ನು ಸರಿಸಿಕೊಂಡು ಮೂಲೆಗೆ ಹೋದೆ. ಗಿಲಾವು ಮಾಡಿದ ಗೋಡೆಯ ಬುಡದಲ್ಲಿ ಅಂಗೈಯಷ್ಟು ಒಂದು ಕಲ್ಲು ನಿಲ್ಲಿಸಿ ಭಂಡಾರ ಹಚ್ಚಿತ್ತು. ನಮ್ಮವರು ಎಲ್ಲಿ ತಂಗಿದರೂ ಹಾಗೆ ಒಂದು ಕಲ್ಲು ನಿಲ್ಲಿಸಿ ಬೀರಪ್ಪನೆಂದು ಕೈಮುಗಿಯುತ್ತೇವೆ. ಸಿದ್ದುವೇ ನಿಲ್ಲಿಸಿರಬೇಕು, ಅದರಲ್ಲಿ ವಿಚಿತ್ರವಿಲ್ಲ. ಆದರೆ ಅವನು ಹೋಗಿ ಬಹಳ ದಿನವಾಗಿತ್ತು. ಇಡೀ ಕೋಣೆ ಧೂಳು ಹೊದ್ದಿತ್ತು. ಕಲ್ಲಿನ ಮೇಲಿನ ಹಳದಿ ಮಾತ್ರ ಈಗ ಹಚ್ಚಿದಂತೆ ಕಂಡಿತು. ಹಾಗೇ ಇತ್ತು ಎಂದು ಆಣೆ ಮಾಡಿ ಹೇಳಲಾರೆ. ಆಣೆಯ ವಿಷಯದಲ್ಲಿ ನನ್ನ ಮಾತಿಗೆ ಬೆಲೆಯೂ ಇಲ್ಲ.

ಕುರಿಗಳನ್ನು ಇಳಿಸಲು ನೋಡಿದೆ. ಕೆಂಚಿಯ ಕಿವಿ ಹಿಡಿದು ಬಾಗಿಲವರೆಗೆ ಎಳೆದೊಯ್ದೆ. ಬಿಟ್ಟೊಡನೆ ತಿರುಗಿ ಬಂದು ಮೊದಲಿದ್ದಲ್ಲೇ ನಿಂತಳು. ಗದರಿಸಿದಷ್ಟೂ ಅವು ಹಿಂದೆ ಒತ್ತಿದವು, ಗೋಡೆಯಿಲ್ಲದ ಬದಿಗೆ. ಅಂಚಿನಲ್ಲಿದ್ದ ಮರಿಯೊಂದರ ಹಿಂಗಾಲು ಒಮ್ಮೆ ಜಾರಿತು, ಹೇಗೋ ಸಾವರಿಸಿಕೊಂಡಿತು. ಒಂದು ಬಿದ್ದರೆ ಉಳಿದವೂ ಅದರ ಹಿಂದೆಯೇ ಬೀಳುತ್ತವೆ, ಕುರಿಯ ಬುದ್ಧಿಯೇ ಅದು. ಹಟ್ಟಿ ಹಾಳಾಗಲಿ ಎಂದು ಗುಡಿಯಲ್ಲಿ ನಾನೇ ಹೇಳಿದ ಮಾತು ಆಗ ನನಗೆ ನೆನಪಾಯಿತು. ಕೋಲು ಕೆಳಗಿಟ್ಟೆ.

ಆ ಕಲ್ಲಿನ ಮುಂದೆ ಕೂತು ಭಂಡಾರವನ್ನು ಬೆರಳಿನಿಂದ ತೆಗೆದು ಹಣೆಗಿಟ್ಟೆ.

"ಆ ದಿನ ಪಾಳಿ ನಂದ. ನಾ ಸಿನಿಮಾಕ್ಕ ಹೋಗಿದ್ನಿ. ಸಿದ್ದುಂದು ಏನೂ ತಪ್ಪಿಲ್ಲ. ಊರಿಗಿ ಹೋಗಿ ಅಪ್ಪನ ಮುಂದನೂ ಹೇಳ್ತೀನಿ" ಎಂದೆ.

ಜೋರಾಗಿಯೇ ಹೇಳಿದೆ. ಬರಿಯ ಗೋಡೆಗಳು ನನ್ನ ಮಾತನ್ನೇ ನನಗೆ ತಿರುಗಿ ಹೇಳಿದವು. ಕೆಂಚಿ ಮೈ ಕೊಡವಿದಳು, ಮಲಗಿ ಎದ್ದವಳಂತೆ. ನನ್ನನ್ನು ಸವರಿಕೊಂಡು ಬಾಗಿಲಿಗೆ ಹೋಗಿ ಮೆಟ್ಟಿಲು ಇಳಿದಳು. ಒಂದರ ಹಿಂದೊಂದು ಎಲ್ಲವೂ ಇಳಿದವು. ಒಂದು ಮರಿಯೂ ಎಡವಲಿಲ್ಲ.

ಗುರುಪಾದ ಕಾಕಾ ಕೈಯಲ್ಲಿ ರೊಟ್ಟಿಯ ತುಣುಕು ಹಿಡಿದುಕೊಂಡೇ ಕೆಳಗೆ ನಿಂತಿದ್ದ. "ಏ ಹುಚ್ಚಾ, ಕುರಿ ಜಿನಾದ ಮೆಟ್ಟಲಾ ಹತ್ತೂದು ನನ್ನ ಜನ್ಮದಾಗ ನೋಡಿಲ್ಲ! ಸಾಹೇಬರು ನೋಡಿದ್ರ ನನ್ನ ನೌಕರಿ ತಗದಿದ್ರಲ್ಲೋ. ಹಿಕ್ಕಿ ಯಾರ ಬಳೀಬೇಕೀಗ, ನಿಮ್ಮಪ್ಪ?" ಎಂದು ಕೂಗಾಡಿದ. ಮೇಲಿನ ಕೂಗು ಕೇಳಿತೇ ಎಂದು ಕೇಳಿದೆ. "ಯಾವ ಕೂಗ? ನಿಂದ ಬೊಬ್ಬಿ ಕೇಳ್ತ ಅಷ್ಟ" ಎಂದ. ಮತ್ತೆ ನನ್ನ ಹಣೆಯ ಭಂಡಾರ ನೋಡಿ, ಒಂದು ಪೊರಕೆ ತಂದುಕೊಟ್ಟ. ನಾನು ಮೇಲೆ ಹೋಗಿ ಹಿಕ್ಕೆ ಬಳಿದು ಬಂದೆ. ಆ ಕಲ್ಲನ್ನು ಮುಟ್ಟಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯವನಾಗಿ ಉಳಿಯುತ್ತಿದ್ದೆ. ಆದರೆ ಬರೆಯಲು ಕೂತ ಮೇಲೆ ಮುಂದಿನದನ್ನೂ ಬರೆಯಬೇಕು. ಹನ್ನೂರಿಗೆ ಬಂದಾಗ ಅಪ್ಪನಿಗೆ ಮೈ ಸರಿಯಿರಲಿಲ್ಲ, ಹೊರಸಿನ ಮೇಲೆ ಮಲಗಿದ್ದ. ಹೇಳಬೇಕೆಂದೇ ಹತ್ತಿರ ಕೂತೆ. ಅಪ್ಪನೇ ಮೊದಲು ಮಾತೆತ್ತಿದ.

"ಸೊಲ್ಲಾಪುರದಾಗ ಸಿದ್ದು ಭೆಟ್ಟಿ ಆದ್ನೇನ?"

"ಇಲ್ಲಪ್ಪಾ."

"ಭೆಟ್ಟಿ ಆದ್ರ ಮನಿಗೆ ಕರಕೊಂಡ ಬಾ. ಟಗರ ಹೋದ್ರ ಹೋತು. ಹುಡುಗ ಬುದ್ಧಿ, ನಿದ್ದಿ ಬಂದಿರಬೇಕ" ಎಂದ.

ಅಪ್ಪ ಅವನನ್ನು ಆಗಲೇ ಕ್ಷಮಿಸಿದ್ದ. ಅವನು ಮಾಡದ ತಪ್ಪಿಗಾಗಿ ಕ್ಷಮಿಸಿದ್ದ. ಕ್ಷಮಿಸಿದ ಮೇಲೆ ಇನ್ನೇಕೆ ಹೇಳಿ ನೋಯಿಸಲಿ ಎಂದು ನನ್ನ ಮನಸ್ಸು ನನಗೇ ಹೇಳಿಕೊಟ್ಟಿತು. ನಾಳೆ ಹೇಳಿದರಾಯಿತು, ಸಿದ್ದು ಸಿಕ್ಕ ಮೇಲೆ ಹೇಳಿದರಾಯಿತು. ಕೆಲವು ಅಣೆಕಟ್ಟುಗಳ ಹತ್ತಿರ ಹೋಗಿ ಆಳುಗಳನ್ನು ವಿಚಾರಿಸಿದೆ. ಹನ್ನೂರ ಸಿದ್ದುವನ್ನು ಬಲ್ಲವರು ಸಿಗಲಿಲ್ಲ. ಅಪ್ಪ ಅವನ ದಾರಿ ನೋಡುತ್ತಲೇ ತೀರಿಕೊಂಡ. ನಾನು ಕುರಿಗಳ ಮುಂದೆ, ಕಲ್ಲಿನ ಮುಂದೆ ನಿಜ ಹೇಳಿದ್ದೆ. ಕೇಳಬೇಕಾದ ಮನುಷ್ಯನ ಮುಂದೆ ಹೇಳಲಿಲ್ಲ. ಹಿಂಡು ನನ್ನಲ್ಲಿ ಇನ್ನೂ ಬಹಳ ವರ್ಷ ಚೆನ್ನಾಗಿಯೇ ಇತ್ತು. ಅದೇ ನನಗೆ ಹೆಚ್ಚು ಭಯ ಹುಟ್ಟಿಸುತ್ತಿತ್ತು.

ಆ ಮಧ್ಯಾಹ್ನದ ಬಗ್ಗೆ ನಾನು ಬೇಕಾದಷ್ಟು ಯೋಚಿಸಿದ್ದೇನೆ. ಬೇರೆ ಯಾವನೋ ಕುರಿಗಾರ ಮಾಳದ ಆಚೆಯಿಂದ ಕೂಗಿರಬಹುದು, ಖಾಲಿ ಕಟ್ಟಡದಲ್ಲಿ ಅದು ಮೇಲಿನಿಂದ ಬಂದಂತೆ ಕೇಳಿರಬಹುದು. ಭಂಡಾರದ ವಾಸನೆಗೆ ಕುರಿ ಹೋಗಿರಬಹುದು. ಅಥವಾ ಸಿದ್ದುವಿನ ಹೆಸರು ಆಗಷ್ಟೇ ಕೇಳಿದ್ದರಿಂದ ನನ್ನ ಕಿವಿಯೇ ಕೂಗನ್ನು ಹುಟ್ಟಿಸಿಕೊಂಡಿರಬಹುದು. ಆದರೆ ನನ್ನ ಕಿವಿಯ ಕೂಗಿಗೆ ಕೆಂಚಿ ಯಾಕೆ ತಲೆಯೆತ್ತಿದಳು?

ಆ ಕಟ್ಟಡದಲ್ಲಿ ಈಗ ಕಂಪ್ಯೂಟರ್ ವಿಭಾಗವಿದೆ. ನನ್ನ ಮಗನ ಮಗಳು ಅಶ್ವಿನಿ ಅಲ್ಲಿ ಓದುತ್ತಾಳೆ. ಮುತ್ಯಾ, ನನ್ನ ಕಾಲೇಜು ನೋಡು ಬಾ ಎಂದು ಈಚೆಗೆ ಒಂದು ದಿನ ನನ್ನನ್ನು ಕರೆದುಕೊಂಡು ಹೋದಳು. ಅದೇ ಮೆಟ್ಟಿಲು, ಈಗ ಕಬ್ಬಿಣದ ಕಟಾಂಜನ ಬಂದಿದೆ. ಬಡಗಣ ತುದಿಯ ದೊಡ್ಡ ಕೋಣೆಯ ಬಾಗಿಲಲ್ಲಿ, "ಚಪ್ಲಿ ಇಲ್ಲೇ ಕಾಢ ಮುತ್ಯಾ, ಒಳಗ ಮಶೀನ್ ಅದಾವ, ಧೂಳ ಹೋಗಬಾರದ" ಎಂದಳು. ಗುಡಿಯಲ್ಲಿ ಬಿಟ್ಟಂತೆ ಚಪ್ಪಲಿ ಬಿಟ್ಟು ಒಳಗೆ ಹೋದೆ. ಸಾಲುಸಾಲಾಗಿ ಯಂತ್ರಗಳು, ಅವುಗಳ ಮುಂದೆ ಮಕ್ಕಳು. ಗೋಡೆಯಿಲ್ಲದ ಬದಿಗೆ ಗೋಡೆ ಬಂದಿತ್ತು. ಮೂಲೆಯಲ್ಲಿ ಏನೂ ಇರಲಿಲ್ಲ. ಬಿಳಿ ಬಣ್ಣ, ಒಂದು ಖಾಲಿ ಕುರ್ಚಿ.

"ಏನ್ ನೋಡಾಕತ್ತೀ ಮುತ್ಯಾ?" ಎಂದು ಕೇಳಿದಳು.

ಅಲ್ಲೇ ನಿಂತು ಅವಳಿಗೆ ಎಲ್ಲ ಹೇಳಿದೆ. ಮನುಷ್ಯರ ಮುಂದೆ ಹೇಳಿದ್ದು ಅದೇ ಮೊದಲು. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಮರಾಠಿ ಶಾಲೆಯಲ್ಲಿ ಕಲಿತವಳು. ನಮ್ಮ ಮನೆಯಲ್ಲಿ ಈ ಬರಹ ಓದಬಲ್ಲವನು ನಾನೊಬ್ಬನೇ. ಅವಳಿಗೆ ಬಾಯಿಂದ ಹೇಳದೆ ಇದನ್ನು ಬರೆದಿದ್ದರೆ ಮತ್ತೆ ಅಡಗಿಕೊಂಡಂತೆ ಆಗುತ್ತಿತ್ತು. ಹನ್ನೂರಿನ ಹಳಬರು ಈಗಲೂ ದೇವರ ಟಗರು ಕಳೆದವನು ಸಿದ್ದು ಎನ್ನುತ್ತಾರೆ. ಅವನಲ್ಲ, ನಾನು. ಅವರ ಪೈಕಿ ಯಾರಾದರೂ ಇದನ್ನು ಓದಿದರೆ ಉಳಿದವರಿಗೆ ಹೇಳಬೇಕು.

ಅಶ್ವಿನಿ ನನ್ನ ಮೇಲೆ ಸಿಟ್ಟಾಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಆ ಮೂಲೆಯನ್ನು ನೋಡಿ, "ಸಿದ್ದು ಮುತ್ಯಾ ಕುರಿ ಹೆಂಗ ಕರೀತಿದ್ದ? ಒಂದ್ಸಲ ಕರದ ತೋರ್ಸ" ಎಂದಳು.

ಬಾಯಿ ತೆರೆದೆ. ಕೂಗು ನನ್ನ ಕಿವಿಯಲ್ಲಿ ಪೂರ್ತಿ ಇತ್ತು, ತಳದ ದನಿ, ನಡುವಿನ ಲೊಟಕೆ, ಕೊನೆಯ ಏರು, ಎಲ್ಲ. ನಾಲಿಗೆಗೆ ಬರಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದೆ. ಕೆಮ್ಮಿನಂಥ ಒಂದು ಸಪ್ಪಳ ಹೊರಟಿತು, ಯಂತ್ರಗಳ ಮುಂದಿದ್ದ ಮಕ್ಕಳು ತಿರುಗಿ ನೋಡಿದರು.

ನನಗೆ ಬಾರದ ಆ ಕೂಗನ್ನು ಅಂದು ಆ ಕೋಣೆಯಿಂದ ಯಾರು ಕೂಗಿದರು ಎಂಬುದು ನನಗೆ ಇನ್ನೂ ತಿಳಿದಿಲ್ಲ.